ಹೋದ ವಾರ ಬರಬೇಕಿತ್ತು

ಹೂದೋಟ ಮಾಡಿಕೊಂಡವರ ಮನೆಗೆ ಹೋದರೆ ಚಪ್ಪಲಿ ಬಿಡುವ ಮೊದಲೇ ಕಿವಿಗೆ ಬೀಳುವ ಮಾತೊಂದಿದೆ: "ಅಯ್ಯೋ, ನೀವು ಹೋದ ವಾರ ಬರಬೇಕಿತ್ತು." ಎದುರಿಗೆ ಅಂಗಳದ ತುಂಬ ಹೂವಿರುತ್ತದೆ. ನಾವು ಎಲ್ಲಿಂದ ನೋಡಲು ಶುರು ಮಾಡುವುದು ಎಂದು ತಿಳಿಯದೆ ನಿಂತಿರುತ್ತೇವೆ. ಮನೆಯವರ ಕಣ್ಣು ಮಾತ್ರ ಉದುರಿಬಿದ್ದ ಎಸಳುಗಳ ಮೇಲೆ. ಹೋದ ವಾರವೇ ಹೋಗಿದ್ದರೆ ಅವರ ಕಣ್ಣು ಇನ್ನೂ ಬಿರಿಯದ ಮೊಗ್ಗಿನ ಮೇಲೆ ಇರುತ್ತಿತ್ತು, "ಇನ್ನೊಂದು ಎಂಟು ದಿನ ಬಿಟ್ಟು ಬಂದಿದ್ದರೆ" ಎನ್ನುತ್ತಿದ್ದರು. ಸಾಗರದ ಕಡೆಯ ಅಡಿಕೆ ತೋಟದ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಬೆಂಗಳೂರಿನ ತಾರಸಿಗಳ ಮೇಲೂ ಕೇಳಿದ್ದೇನೆ. ಬರೀ ಸಂಕೋಚಕ್ಕೆ ಆಡುವ ಮಾತು ಇದಲ್ಲ. ತೋಟ ಮಾಡಿದವರಿಗೆ ಅದರ ಇಡೀ ವರ್ಷ ಕಾಣುತ್ತಿರುತ್ತದೆ. ಬಂದವರಿಗೆ ಸಿಗುವುದು ಅದರಲ್ಲಿ ಒಂದು ಮಧ್ಯಾಹ್ನ. ಆ ಒಂದು ಮಧ್ಯಾಹ್ನಕ್ಕೆ ನಾವೂ ಹೂವೂ ಒಟ್ಟಿಗೆ ಸಿಕ್ಕಿದೆವಲ್ಲ ಎನ್ನುವುದೇ ನನಗೆ ಇತ್ತೀಚೆಗೆ ಎಲ್ಲಕ್ಕಿಂತ ದೊಡ್ಡ ಬೆರಗಾಗಿ ತೋರುತ್ತಿದೆ.

ನಮ್ಮ ಕಡೆ ಮಳೆಗಾಲವೆಂದರೆ ಡೇರೆ ಹೂವಿನ ಕಾಲ. ಪೇಟೆಯಲ್ಲಿ ಡೇಲಿಯಾ ಎನ್ನುತ್ತಾರೆ. ಮೂಲ ಮೆಕ್ಸಿಕೋದ ಗುಡ್ಡಗಳು. 18ನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನ ಸೇರಿದ ಈ ಗಿಡ ಅಲ್ಲಿಂದ ಯುರೋಪನ್ನೆಲ್ಲ ಸುತ್ತಿ, ಎಷ್ಟೋ ಕೈ ದಾಟಿ, ಮಲೆನಾಡಿನ ಅಂಗಳಕ್ಕೆ ಬಂದು ನಿಂತಿದೆ. ಅದೂ ಎಂಥ ಕಾಲದಲ್ಲಿ! ಚೌತಿಯಿಂದ ನವರಾತ್ರಿಯವರೆಗೆ, ಆಕಾಶ ಬಿಡದೆ ಸುರಿಯುವಾಗ. ಹೂವಿನ ಎಸಳುಗಳ ನಡುವೆ ನೀರು ನಿಂತರೆ ಅದರ ಭಾರಕ್ಕೆ ತೊಟ್ಟೇ ಮುರಿಯುತ್ತದೆ. ಅದಕ್ಕೇ ಹೆಂಗಸರು ಅಡಿಕೆ ದಬ್ಬೆಯ ಆಸರೆ ಕೊಟ್ಟು ಕಟ್ಟುತ್ತಾರೆ, ಕೊಟ್ಟೆಯಲ್ಲಿ ನೆಟ್ಟ ಗಿಡಗಳನ್ನು ಸೂರಿನಡಿ ಸರಿಸಿ, ಮಳೆ ಹೊಳವಾದಾಗ ಮತ್ತೆ ಅಂಗಳಕ್ಕಿಡುತ್ತಾರೆ. ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕುತ್ತಾರೆ. ಹೂ ಮುಗಿದು ಗಿಡ ಒಣಗಿದ ಮೇಲೆ ಗೆಡ್ಡೆ ಜೋಪಾನ ಮಾಡಿ, ಮುಂಗಾರು ಹನಿದಾಗ ಮತ್ತೆ ಮಣ್ಣಿಗೆ ಇಡುತ್ತಾರೆ. ಮನೆಗೆ ಬಂದವರು ನೋಡಿ ಒಂದು ಮಾತು ಹೇಳಲಿ ಎನ್ನುವುದು ಬಿಟ್ಟರೆ ಈ ಶ್ರಮಕ್ಕೆ ಬೇರೆ ಸಂಬಳವಿಲ್ಲ.

ಊಟವಾದ ಮೇಲೆ ಕವಳ ಹಾಕುವವರು ಹಾಕಿ, ಮಲಗುವವರು ಮಲಗಿ, ಉಳಿದವರು ಕೊಡೆ ಬಿಚ್ಚಿಕೊಂಡು ಅಂಗಳಕ್ಕೆ ಇಳಿಯುವುದೊಂದು ಪದ್ಧತಿ. ಆಗ ಗಿಡಗಳ ಪರಿಚಯ ಶುರುವಾಗುತ್ತದೆ. ಇದು ತಾಳಗುಪ್ಪದ ಅತ್ತಿಗೆ ಕೊಟ್ಟಿದ್ದು. ಈ ಕೇಸರಿ, ಸಿದ್ದಾಪುರದ ಮದುವೆಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದು. ಅಂಚಿಗೆ ಬಿಳಿ ಹಚ್ಚಿದ ಈ ಕೆಂಪಿನದು ಹೋದ ವರ್ಷ ಸತ್ತೇ ಹೋಗಿತ್ತು, ತಂಗಿಯ ಮನೆಯಲ್ಲಿ ಇದ್ದದ್ದರಿಂದ ವಾಪಸು ಬಂತು. ಯಾರೂ ಸಸ್ಯಶಾಸ್ತ್ರದ ಹೆಸರು ಹೇಳುವುದಿಲ್ಲ. ಗಿಡಕ್ಕೆ ಕೊಟ್ಟವರ ಹೆಸರೇ ಹೆಸರು. ಅಂಗಳ ಒಂದು ಸುತ್ತು ಬರುವಷ್ಟರಲ್ಲಿ ನೆಂಟರಿಷ್ಟರ ಸುದ್ದಿಯೂ ಒಂದು ಸುತ್ತು ಬಂದಿರುತ್ತದೆ.

ಇದರ ಹಿಂದೆ ಗಿಡದ ಒಂದು ಗುಣವಿದೆ. ಡೇರೆಯ ಬೀಜ ಹಾಕಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ, ಏನು ಬೇಕಾದರೂ ಬರಬಹುದು. ಅದೇ ಹೂ ಬೇಕೆಂದರೆ ಗೆಡ್ಡೆ ಬೇಕು, ಇಲ್ಲವೇ ಹಿಳ್ಳು ಬೇಕು. ಅಂದರೆ ಯಾರಾದರೂ ಕೊಡಬೇಕು. ಹಾಗೆ ಹಿಳ್ಳಿನಿಂದ ಎದ್ದ ಗಿಡ ಮೊದಲಿನ ಗಿಡದ ಮಗಳಲ್ಲ, ಅದೇ ಗಿಡ. ನನ್ನ ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಮನೆಯೂ ಈಗ ಇಲ್ಲ. ಅವಳ ಅಂಗಳದಲ್ಲಿದ್ದ, ಕತ್ತಲೆಯಷ್ಟು ಗಾಢವಾದ ನೇರಳೆ ಡೇರೆಯನ್ನು ಒಮ್ಮೆ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಕಂಡೆ. ಆ ಮನೆಯ ಸೊಸೆಗೆ ನನ್ನ ಅಜ್ಜಿಯ ಮುಖವೇ ಗೊತ್ತಿಲ್ಲ, ಆದರೆ ಹೂವಿಗೆ ಅಜ್ಜಿಯ ಊರಿನ ಹೆಸರು ಹಿಡಿದೇ ಕರೆಯುತ್ತಿದ್ದಳು. ಅಜ್ಜಿ ಕೈಯಿಂದ ಮುಟ್ಟಿದ ಆ ಗಿಡವೇ ಮನೆಯಿಂದ ಮನೆಗೆ ನಡೆದು ಇಲ್ಲಿ ಬಂದು ಹೂ ಬಿಟ್ಟಿದೆ ಎಂದು ಹೊಳೆದಾಗ ನನಗೆ ಮಾತು ಹೊರಡಲಿಲ್ಲ. ಅವಳು ಅದನ್ನು ಬೇರೇನೋ ಅಂದುಕೊಂಡಳೆಂದು ಕಾಣುತ್ತದೆ. "ಹೋದ ವಾರ ಬರಕಾಗಿತ್ತು ಅಕ್ಕಾ, ಹನ್ನೆರಡು ಹೂ ಇತ್ತು" ಎಂದಳು.

ಒಂದು ವಾರವೂ ಕಾಯದ ಹೂಗಳಿವೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ಮೆಟ್ಟಿಲ ಪಕ್ಕ ಬ್ರಹ್ಮಕಮಲದ ಕುಂಡವಿದೆ. ಮೊಗ್ಗು ಎಲೆಯ ಅಂಚಿನಿಂದ ಹೊರಟು, ಮೊದಲು ಕೆಳಗೆ ಜೋತುಬಿದ್ದು, ಅರಳುವ ದಿನ ಹತ್ತಿರವಾದಂತೆ ಕತ್ತು ಬಾಗಿಸಿ ಮೇಲೆ ನೋಡತೊಡಗುತ್ತದೆ. ಅಷ್ಟರಲ್ಲಿ ಬೀದಿಯ ವಾಟ್ಸಾಪ್ ಗುಂಪಿಗೆ ಸುದ್ದಿ ಬಂದಿರುತ್ತದೆ: ಇವತ್ತು ರಾತ್ರಿ. ಎಂಟೂವರೆ ಒಂಬತ್ತರ ಹೊತ್ತಿಗೆ ಊಟ ಮುಗಿಸಿದವರು, ಮುಗಿಸದವರು, ಹೋಮ್‌ವರ್ಕ್ ಅರ್ಧಕ್ಕೆ ಬಿಟ್ಟ ಮಕ್ಕಳು, ಶಾಲು ಹೊದ್ದ ಅಜ್ಜಂದಿರು ಎಲ್ಲರೂ ಆ ಕಿರಿದಾದ ಗೇಟಿನೊಳಗೆ ಸೇರುತ್ತೇವೆ. ಒಬ್ಬರು ಊದುಬತ್ತಿ ಹಚ್ಚುತ್ತಾರೆ. ಮೊದಲು ಹೊರಗಿನ ತೆಳು ಕೆಂಪು ಎಸಳುಗಳು ಹಿಂದಕ್ಕೆ ಸರಿಯುತ್ತವೆ. ಆಮೇಲೆ ಬಿಳಿ. ಕಣ್ಣಿಟ್ಟು ಕಾದರೆ ಏನೂ ಆಗುತ್ತಿಲ್ಲವೆನಿಸುತ್ತದೆ, ಪಕ್ಕದವರೊಡನೆ ಮಾತಾಡಿ ತಿರುಗಿದರೆ ಅದು ಇನ್ನಷ್ಟು ಬಿಚ್ಚಿರುತ್ತದೆ. ಒಮ್ಮೆ ಒಂದು ಎಸಳು ಸಣ್ಣಗೆ ನಡುಗಿ ಥಟ್ಟನೆ ಕೂದಲೆಳೆಯಷ್ಟು ಆಚೆ ಹೋಯಿತು. "ಅಲ್ಲಾಡ್ತು! ಅಲ್ಲಾಡ್ತು!" ಎಂದು ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಹುಡುಗ ಕೂಗಿದ. ಅವನೊಬ್ಬನೇ ನೋಡಿದ್ದ. ಅವನು ನೋಡಿದನೆಂಬುದೇ ನಮಗೆಲ್ಲ ಸಂಭ್ರಮವಾಯಿತು.

ಈ ಕಳ್ಳಿ ಜಾತಿಯ ಗಿಡವೂ ಮೆಕ್ಸಿಕೋ ಕಡೆಯದೇ. ತವರಿನಲ್ಲಿ ಅದು ಬಿಳಿಯಾಗಿ, ಘಮಘಮಿಸುತ್ತ, ಕತ್ತಲಲ್ಲಿ ಅರಳುವುದು ರಾತ್ರಿ ಹಾರುವ ಪತಂಗಗಳಿಗಾಗಿ. ನಮ್ಮ ಬೀದಿಯಲ್ಲಿ ಅದರ ಕರೆಗೆ ಓಗೊಟ್ಟು ಬರುವವರು ಅಕ್ಕಪಕ್ಕದ ಮನೆಯವರು. ಬೆಳಗಾಗುವಷ್ಟರಲ್ಲಿ ಅದು ಹಿಂಡಿ ಹಾಕಿದ ಬಟ್ಟೆಯಂತೆ ಸೋತು ಜೋತುಬಿದ್ದಿರುತ್ತದೆ. ಆ ರಾತ್ರಿ ಊರಲ್ಲಿಲ್ಲದವರಿಗೆ ಫೋಟೋ ಕಳಿಸುತ್ತೇವೆ. ಅವರು ಚೆನ್ನಾಗಿದೆ ಎನ್ನುತ್ತಾರೆ. ಅದು ಬೇರೆ ವಿಷಯ.

ಇಷ್ಟು ಕ್ಷಣಿಕವಾದದ್ದರ ಜೊತೆ ಒಂದು ಇಡೀ ಊರು ಹೇಗೆ ಬದುಕಬೇಕು ಎಂದು ಯೋಚಿಸಿದವರೊಬ್ಬರಿದ್ದರು. ಜರ್ಮನಿಯ ಡ್ರೆಸ್ಡೆನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಂಡು, ಆಮೇಲೆ ಮೈಸೂರು ಸಂಸ್ಥಾನಕ್ಕೆ ಬಂದ ಗುಸ್ತಾವ್ ಹರ್ಮನ್ ಕೃಂಬಿಗಲ್. ಲಾಲ್‌ಬಾಗ್ ಅವರ ಕೈಯಲ್ಲಿ ದೀರ್ಘಕಾಲ ಇತ್ತು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿ ಶುರುವಾಗುವಂತೆ ರಸ್ತೆ ರಸ್ತೆಗೆ ಮರ ಆರಿಸಿ ನೆಡಬೇಕು, ಬೆಂಗಳೂರು ವರ್ಷದ ಯಾವ ತಿಂಗಳಲ್ಲೂ ಹೂವಿಲ್ಲದೆ ಇರಬಾರದು ಎಂಬುದು ಅವರ ಯೋಜನೆ. ಆ ದಾರಿಯನ್ನು ಮುಂದೆ ಎಂ.ಎಚ್. ಮರಿಗೌಡರು ಹಿಡಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಲಕ್ಷಾಂತರ ಸಸಿ ನೆಡಿಸಿದರು. ಇವತ್ತು ವರ್ಷದ ಮೊದಲಲ್ಲಿ ತಬೂಬಿಯಾ, ಅದರ ಬೆನ್ನಿಗೆ ನೀಲಿ ಜಕರಾಂಡ ಮತ್ತು ನೆಲದ ಮೇಲೆ ಹೊಂಗೆಯ ಹೂ, ಬೇಸಿಗೆ ಏರಿದಾಗ ಗುಲ್‌ಮೊಹರ್, ಕಕ್ಕೆ, ಹೊಳೆ ದಾಸವಾಳ, ಮಳೆ ಕಳೆದ ಮೇಲೆ ಆಕಾಶಮಲ್ಲಿಗೆ. "ಹೋದ ವಾರ ಬರಬೇಕಿತ್ತು" ಎನ್ನುವ ಮಾತಿಗೆ ಒಬ್ಬ ತೋಟಗಾರ ಕೊಡಬಹುದಾದ ಇದಕ್ಕಿಂತ ಉದಾರವಾದ ಉತ್ತರ ನನಗೆ ತೋಚುವುದಿಲ್ಲ: ನೀವು ಯಾವ ವಾರ ಬಂದರೂ ಒಂದು ಮರ ನಿಮಗಾಗಿ ಹೂ ಬಿಟ್ಟು ನಿಂತಿರಲಿ. ಕೃಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಬಸ್ಸಿನಲ್ಲಿ ಕಿಟಕಿಯಾಚೆ ಜಕರಾಂಡ ಕಂಡು ಪಕ್ಕದ ಸೀಟಿನ ಅಪರಿಚಿತೆಯ ಭುಜ ತಟ್ಟಿ ತೋರಿಸುವ ಹೆಂಗಸಿಗೆ ಆ ಹೆಸರು ಗೊತ್ತಿರಬೇಕಾಗಿಯೂ ಇಲ್ಲ.

ಊರಿಂದ ಅಮ್ಮ ಬಂದಾಗಲೆಲ್ಲ ನಾವು ಲಾಲ್‌ಬಾಗಿಗೆ ಹೋಗುತ್ತೇವೆ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನವನ್ನೂ ನೋಡಿದ್ದೇವೆ. 1889ರಲ್ಲಿ ಅಡಿಗಲ್ಲು ಹಾಕಿಸಿಕೊಂಡ ಆ ಗಾಜಿನ ಮನೆಯೊಳಗೆ ಹೂವಿನಲ್ಲಿ ಕಟ್ಟಿದ ಗೋಪುರದ ಸುತ್ತ ಜನ ಜನರನ್ನು ತಳ್ಳಿಕೊಂಡು ಸಾಗುತ್ತಾರೆ. ಅದಕ್ಕೆ ಅದರದೇ ಸಡಗರವಿದೆ. ನನಗೆ ಮಾತ್ರ ಏನೂ ವಿಶೇಷವಿಲ್ಲದ ದಿನದ ಲಾಲ್‌ಬಾಗೇ ಹೆಚ್ಚು ಇಷ್ಟ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ ಈಗ 240 ಎಕರೆ. ಅಷ್ಟು ಜಾಗದಲ್ಲಿ ಒಂದು ಕುಟುಂಬ ಒಟ್ಟಿಗೆ ನಡೆಯುವುದು ಸಾಧ್ಯವೇ ಇಲ್ಲ. ನನ್ನ ಗಂಡ ಮರಕ್ಕೆ ಹೊಡೆದ ಫಲಕಗಳನ್ನು ಒಂದೂ ಬಿಡದೆ ಓದುತ್ತಾರೆ. ಮಗಳು ಇರುವೆ ಸಾಲಿನ ಹಿಂದೆ ಹೋಗುತ್ತಾಳೆ. ಗೆಳತಿ ಬಂದಿದ್ದರೆ ಅವಳಿಗೆ ಹಳೆಯ ಬೂರುಗದ ಬೇರುಗಳ ನಡುವೆ ಕೂರಬೇಕು. ಹಾಗೆ ಚದುರಿದವರು ಆಗಾಗ ಒಬ್ಬರನ್ನೊಬ್ಬರು ಕೂಗುತ್ತೇವೆ: ಇಲ್ಲಿ ಬಾ, ಇದನ್ನು ನೋಡು. ಒಬ್ಬಳೇ ಹೋದಾಗ ನಾನೂ ಚೆನ್ನಾಗಿಯೇ ನೋಡುತ್ತೇನೆ, ಬಹುಶಃ ಹೆಚ್ಚು ನೋಡುತ್ತೇನೆ. ಆದರೆ ಕೂಗಬೇಕೆನಿಸಿದ ಬಾಯಿ ಹಾಗೇ ಉಳಿದುಬಿಡುತ್ತದೆ, ಕಂಡದ್ದು ಅರ್ಧ ಕಂಡಂತಾಗುತ್ತದೆ.

ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಮಾತ್ರ ಎಲ್ಲರೂ ಸೇರಿ ಹತ್ತುತ್ತೇವೆ. ಅದು ಸುಮಾರು 300 ಕೋಟಿ ವರ್ಷ ಹಳೆಯದು ಎಂದು ಗಂಡ ಫಲಕ ಓದಿ ಹೇಳಿದರು. ಬಂಡೆಗೆ ಬೆನ್ನು ಕೊಟ್ಟು ಕೂತ ಅಮ್ಮ ಅಂಗೈಯನ್ನು ಅದರ ಮೇಲಿಟ್ಟು ಸ್ವಲ್ಪ ಹೊತ್ತು ಇದ್ದು, "ಬೆಚ್ಚಗಿದ್ದು" ಎಂದಳು. ಅಷ್ಟು ಹಳೆಯದು ಈ ಸಂಜೆಯ ಬಿಸಿಲಿಗೆ ಬೆಚ್ಚಗಾಗಿದೆ. ಅದನ್ನು ಮುಟ್ಟಲು ನಾವೂ ಈ ಸಂಜೆಯೇ ಬಂದಿದ್ದೇವೆ. ಮಗಳೂ ಪಕ್ಕದಲ್ಲಿ ಕೈಯಿಟ್ಟಳು.

ಆದರೂ ಅಮ್ಮನಿಗೆ ಲಾಲ್‌ಬಾಗಿನಲ್ಲಿ ಒಂದು ಕೊರತೆ ಕಾಡುತ್ತಿತ್ತು. ತೋಟವೆಂದ ಮೇಲೆ ಕರೆದೊಯ್ದು ತೋರಿಸುವವರು ಒಬ್ಬರಿರಬೇಕಲ್ಲ, ಇಲ್ಲಿ ಯಾರೂ ಇಲ್ಲ. ಈ ಸಲ ಅವಳೇ ಹುಡುಕಿಕೊಂಡಳು. ಹೂವಿನ ಪಾತಿಯೊಂದರಲ್ಲಿ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, ನೀವೇ ಬೆಳೆಸಿದ್ದಾ ಇದೆಲ್ಲ, ಎಂದು ಕೇಳಿದಳು. ಆಕೆ ತಲೆಯೆತ್ತಿ ಒಂದು ಗಳಿಗೆ ನೋಡಿದರು. ಆ ಪ್ರಶ್ನೆಯನ್ನು ಅವರಿಗೆ ಹೆಚ್ಚು ಜನ ಕೇಳಿರಲಿಕ್ಕಿಲ್ಲ. ಆಮೇಲೆ ಕೈ ಕೊಡವಿಕೊಂಡು ಎದ್ದು, ನಾವು ಸುಮ್ಮನೆ ದಾಟಿ ಬಂದಿದ್ದ ಪಾತಿಗಳನ್ನು ಒಂದೊಂದಾಗಿ ತೋರಿಸುತ್ತ ಹೊರಟರು. ಇದರ ಬೇರಿಗೆ ನೀರು ನಿಂತರೆ ಆಗದು, ಇದಕ್ಕೆ ಚಿವುಟಿದಷ್ಟೂ ಕವಲು, ಇದು ಇನ್ನು ಹತ್ತು ದಿನಕ್ಕೆ ನೋಡಬೇಕು. ಅಮ್ಮ ಪ್ರತಿಯೊಂದಕ್ಕೂ ತಲೆದೂಗಿದಳು. ನಮ್ಮನ್ನು ಇಬ್ಬರೂ ಮರೆತೇಬಿಟ್ಟರು. ಮಗಳು ಹಸಿವು ಎಂದಾಗ ನಾನು ಚುರುಮುರಿ ಕೊಡಿಸಿಕೊಂಡು ಬಂದೆ. ಬರುವಷ್ಟರಲ್ಲಿ ಮಾತು ಡೇರೆಗೆ ಹೊರಳಿ, ನಮ್ಮ ಕಡೆಯ ಮಳೆ, ಬಸವನಹುಳುವಿನ ಕಾಟ ಎಲ್ಲ ಬಂದಿತ್ತು. "ಬೂದಿ ಹಾಕಿದ್ರೆ ಮಳೇಲಿ ತೊಳ್ದೋಗ್ತದೆ ಅಂತೀರಾ," ಎಂದು ಆಕೆ ಯೋಚಿಸುತ್ತ ಹೇಳುತ್ತಿದ್ದರು, "ಹಂಗಾದ್ರೆ ಸಾಯಂಕಾಲ ಒಂದು ಒದ್ದೆ ಗೋಣಿಚೀಲ ಗಿಡದ ಬುಡದಲ್ಲಿ ಹಾಸಿಡಿ ಅಮ್ಮ. ಎಲ್ಲಾ ಬಂದು ಅದರಡಿ ಸೇರ್ಕೋತವೆ, ಬೆಳಿಗ್ಗೆ ಎತ್ತಿ ದೂರ ಹಾಕಿ."