ಕಡಲನ್ನು ಮರೆಸುವ ಕೋಣೆ

1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲೊಂದು ಟರ್ಕಿಶ್ ಸ್ನಾನಗೃಹವಿತ್ತು. ಅದರ ವಿಶ್ರಾಂತಿ ಕೋಣೆಯನ್ನು 17ನೇ ಶತಮಾನದ ಅರಬ್ ಶೈಲಿಯಲ್ಲಿ ಸಿಂಗರಿಸಲಾಗಿತ್ತು. ಗೋಡೆಗೆ ನೀಲಿ, ಹಸಿರು ಟೈಲ್ಸ್, ಮೇಲಿಂದ ತೂಗುವ ಕಂಚಿನ ದೀಪಗಳು, ಒರಗಿಕೊಳ್ಳಲು ಮಂಚಗಳು. ಹಡಗಿನ ದುಂಡು ಕಿಟಕಿಗಳು ಕಣ್ಣಿಗೆ ಬೀಳದಂತೆ ಕೈರೋ ಮಾದರಿಯ ಕೆತ್ತನೆಯ ಮರೆ. ಶುಲ್ಕ 4 ಶಿಲ್ಲಿಂಗ್. ಅದೂ ಒಂದನೇ ದರ್ಜೆಯವರಿಗೆ ಮಾತ್ರ.

ಆ ಕಾಲದ ಹಡಗುಗಳ ವೈಭವವೆಲ್ಲ ಹೀಗೆ ಕಡಲನ್ನು ಮರೆಸುವುದಕ್ಕಾಗಿಯೇ ಇತ್ತು. 1907ರ ಲೂಸಿಟೇನಿಯಾದ ಭೋಜನಶಾಲೆಗೆ ಫ್ರೆಂಚ್ ಅರಮನೆಯ ಬಿಳಿ, ಚಿನ್ನದ ಅಲಂಕಾರ, ಮೇಲೊಂದು ಗುಮ್ಮಟ. ಜರ್ಮನಿಯ ಇಂಪರೇಟರ್‌ನಲ್ಲಿ (1913) ಪ್ರಾಚೀನ ಪೊಂಪೆಯಿಯ ಈಜುಕೊಳ. ಕಡಲಲ್ಲಿ ಸಿಕ್ಕಿಬಿದ್ದಾಗ ದೇವನನ್ನು ಕರೆದು, ದಡ ಸೇರಿದೊಡನೆ ಮರೆಯುವವರ ಬಗ್ಗೆ ಕುರ್‌ಆನ್ ಹೇಳುತ್ತದೆ. ಇವರು ಕಡಲ ನಡುವೆಯೇ ದಡವನ್ನು ಕಟ್ಟಿಕೊಂಡರು.

ಇದು ತಪ್ಪೇ? ಅವಸರದ ತೀರ್ಪು ಬೇಡ. ಓಲಾಟಕ್ಕೆ ಹೊಟ್ಟೆ ತೊಳಸುವವನು ಭಯ ಮರೆಯಬಯಸಿದರೆ ಅದು ಪಾಪವಲ್ಲ. ಸೌಂದರ್ಯವನ್ನು ಇಸ್ಲಾಮ್ ನಿಷೇಧಿಸಿಲ್ಲ. ಹಡಗು ಮುಳುಗಿದ್ದು ಆಡಂಬರಕ್ಕೆ ಸಿಕ್ಕ ಶಿಕ್ಷೆ ಎಂದು ಪ್ರವಚನಗಳಲ್ಲಿ ಕೇಳುತ್ತೇವೆ. ಆದರೆ ಅಂಥದೇ ಸ್ನಾನಗೃಹವಿದ್ದ ಸೋದರಿ ಹಡಗು ಒಲಿಂಪಿಕ್ 1911ರಿಂದ 1935ರವರೆಗೆ ಓಡಾಡಿಕೊಂಡಿತ್ತು. ಹಾಗಿದ್ದರೆ ಅಲ್ಲಿನ ಆಡಂಬರ ಸರಿಯಾಗಿತ್ತೇ?

ನನ್ನನ್ನು ಕಾಡುವುದು ಬೇರೆಯೇ. ಆ ಮರೆ ನೀರನ್ನಷ್ಟೇ ಮರೆಸಲಿಲ್ಲ. ಟೈಟಾನಿಕ್‌ನ ತಳದಲ್ಲಿ 29 ಬಾಯ್ಲರುಗಳು, 159 ಒಲೆಗಳು. ದಿನಕ್ಕೆ ಸುಮಾರು 600 ಟನ್ ಕಲ್ಲಿದ್ದಲನ್ನು ಮನುಷ್ಯರೇ ಸಲಿಕೆಯಿಂದ ಎತ್ತಿ ಹಾಕಬೇಕಿತ್ತು. ಮೂರನೇ ದರ್ಜೆಯ ಏಳುನೂರಕ್ಕೂ ಹೆಚ್ಚು ಜನರಿಗೆ ಇದ್ದದ್ದು ಎರಡೇ ಸ್ನಾನದ ತೊಟ್ಟಿ. ಅವರಲ್ಲಿ ಅರಬರೂ ಇದ್ದರು! ಉಸ್ಮಾನಿಯಾ ಆಳ್ವಿಕೆಯ ಲೆಬನಾನಿನ ಹಳ್ಳಿಗಳಿಂದ ಅಮೆರಿಕಕ್ಕೆ ದುಡಿಯಲು ಹೊರಟವರು, ಹೆಚ್ಚಿನವರು ಕ್ರೈಸ್ತರು. ಅವರ ನಾಡಿನ ಕಲೆಗೆ ಒಳಗೆ ಮರ್ಯಾದೆ. ಅವರಿಗೆ ಒಳಗೆ ಕಾಲಿಡಲು ಅಪ್ಪಣೆಯಿಲ್ಲ.

ಕೈರೋ, ದಮಾಸ್ಕಸ್‌ಗಳ ಹಮ್ಮಾಮು ಊರಿನ ಜನಸಾಮಾನ್ಯರದ್ದಾಗಿತ್ತು. ಅನೇಕ ಹಮ್ಮಾಮುಗಳು ವಕ್ಫ್ ಆಸ್ತಿಗಳು. ಅವುಗಳ ಆದಾಯದಿಂದ ಮಸೀದಿ, ಮದ್ರಸಗಳು ನಡೆಯುತ್ತಿದ್ದವು. ಹಡಗಿನವರು ಅದರ ಗೋಡೆಯನ್ನು ತಂದರು, ಬಾಗಿಲನ್ನು ತರಲಿಲ್ಲ. ಅವರನ್ನೇ ಏಕೆ ದೂರಬೇಕು? ಹಜಾರದ ಗೋಡೆಗೆ ಸುಂದರ ಅರಬಿ ಲಿಪಿ ತೂಗುಹಾಕಿ, ಕೆಲಸದಾಕೆಗೆ ಬೇರೆ ಲೋಟ ಇಡುವ ಮನೆಗಳು ನಮ್ಮಲ್ಲಿಲ್ಲವೇ?

2005ರಲ್ಲಿ ಜೇಮ್ಸ್ ಕ್ಯಾಮರೂನ್ ತಂಡ ಇಳಿಸಿದ ಪುಟ್ಟ ಯಂತ್ರವೊಂದು ಸುಮಾರು 3,800 ಮೀಟರ್ ಆಳದಲ್ಲಿ ಆ ಕೋಣೆಯನ್ನು ಹೊಕ್ಕಿತು. ಕತ್ತಲಲ್ಲಿ ದೀಪ ಹಾಯಿಸಿದಾಗ ಟೈಲ್ಸ್‌ಗಳ ಬಣ್ಣ ಇನ್ನೂ ಮಾಸಿರಲಿಲ್ಲ.