ಪರರ ಬಾಳನ್ನು ಹರಕೆಯಾಗಿ ಕೊಡಬಹುದೋ?

ಮನುಷ್ಯನು ತನ್ನದನ್ನು ಕೊಡಬಹುದು, ತನ್ನದಲ್ಲದ್ದನ್ನು ಕೊಡಲಾರನು. ನೆರೆಯವನ ಎತ್ತನ್ನು ಬಿಚ್ಚಿಕೊಂಡು ಹೋಗಿ ಸಂತೆಯಲ್ಲಿ ಮಾರಿದವನನ್ನು ನಾವು ಕಳ್ಳನೆನ್ನುತ್ತೇವೆ. ಅವನು ಅದನ್ನು ಮಾರದೆ ಗುಡಿಗೆ ಬಿಟ್ಟರೂ ಕಳ್ಳನೇ ಹೊರತು ಭಕ್ತನಾಗಲಾರನು. ಎತ್ತಿನ ವಿಷಯದಲ್ಲಿ ಇಷ್ಟು ಸ್ಪಷ್ಟವಾಗಿರುವ ನ್ಯಾಯವು ಒಬ್ಬ ಹುಡುಗಿಯ ವಿಷಯದಲ್ಲಿ ಯಾಕೆ ಮಸುಕಾಗುತ್ತದೆ? ಹೆತ್ತವರು ತಮ್ಮ ಮಗಳ ಬಾಳನ್ನು ಹರಕೆಯಾಗಿ ಕೊಡಬಹುದೋ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ತೆಲಿಗಿ ಮೊದಲಾದ ನಮ್ಮ ಊರುಗಳ ಸಭೆಗಳ ಮುಂದೆ ಇಡಲಿಚ್ಛಿಸುತ್ತೇವೆ. ಯಾಕಂದರೆ ಇದು ದೂರದೇಶದ ಮಾತಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳಲ್ಲಿ ಮುತ್ತು ಕಟ್ಟುವದು, ಬಸವಿ ಬಿಡುವದು ಎಂಬ ಮಾತುಗಳನ್ನು ಕೇಳದ ಹಿರಿಯರು ಇರಲಾರರು. ಗಂಡುಮಗನಿಲ್ಲದ ಮನೆಯವರು ಒಬ್ಬ ಮಗಳನ್ನು ಬಸವಿಯಾಗಿ ಬಿಟ್ಟರೆ ಆಕೆ ಮಗನ ಹಾಗೆ ಆಸ್ತಿಗೆ ಬಾಧ್ಯಳಾಗಿ ಹೆತ್ತವರ ಉತ್ತರಕ್ರಿಯೆಗಳನ್ನು ನಡಿಸುವಳೆಂಬ ಪದ್ಧತಿಯು ಬಳ್ಳಾರಿ ಸೀಮೆಯಲ್ಲಿ ಹಿಂದಿನಿಂದ ಇತ್ತು. ಮನೆಯಲ್ಲಿ ರೋಗ ಬಂದರೆ ಹರಕೆ ಹೊತ್ತವರುಂಟು. ಹುಡುಗಿಯ ತಲೆಯಲ್ಲಿ ಜಡೆ ಗಂಟುಬಿದ್ದರೆ ದೇವಿಯೇ ಕರೆದಳೆಂದು ನಂಬಿದವರುಂಟು. ಕಾರಣ ಯಾವದಾದರೂ ಫಲ ಒಂದೇ. ಆ ಹುಡುಗಿಗೆ ಮದುವೆಯಿಲ್ಲದೆ ಹೋಯಿತು. ಉಳ್ಳವರ ಇಚ್ಛೆಗೆ ಆಕೆಯ ಶರೀರವು ಒಳಗಾಯಿತು. ಆಕೆಯ ಮಕ್ಕಳು ತಂದೆಯ ಹೆಸರಿಲ್ಲದೆ ಬೆಳೆದರು. ಉತ್ತರ ಕರ್ನಾಟಕದಿಂದ ಇಂಥ ಅನೇಕರು ದಲ್ಲಾಳಿಗಳ ಕೈಗೆ ಸಿಕ್ಕಿ ಮುಂಬಯಿ, ಪುಣೆ ಪಟ್ಟಣಗಳ ವೇಶ್ಯಾಗೃಹಗಳನ್ನು ಸೇರಿದರು. ಹೀಗೆ ಹರಕೆಯಾಗಿ ಆರಂಭವಾದದ್ದು ವ್ಯಾಪಾರವಾಗಿ ಮುಗಿಯಿತು. ಈ ಭಾರವು ಹೆಚ್ಚಾಗಿ ಬಿದ್ದದ್ದು ಹೊಲೆಯ ಮಾದಿಗರ ಕೇರಿಗಳ ಮೇಲೆಯೇ. ಊರ ದೊಡ್ಡ ಮನೆಗಳ ಹೆಣ್ಣುಮಕ್ಕಳ ಮೇಲೆ ಅಲ್ಲ.

ಕಾನೂನು ಸುಮ್ಮನಿರಲಿಲ್ಲ. ಬಳ್ಳಾರಿ ಜಿಲ್ಲೆಯು ಮದ್ರಾಸಿಗೆ ಸೇರಿದ್ದಾಗಲೇ, 1947ರಲ್ಲಿ, ಮದ್ರಾಸಿನ ಶಾಸನಸಭೆಯು ದೇವದಾಸಿಯಾಗಿ ಅರ್ಪಿಸುವದನ್ನು ನಿಷೇಧಿಸಿತು. ಆ ಹೋರಾಟದ ಮುಂಚೂಣಿಯಲ್ಲಿದ್ದವರು ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ಅನುಚ್ಛೇದವು ಮನುಷ್ಯರ ಮಾರಾಟವನ್ನು ಅಪರಾಧವೆಂದಿತು. 1982ರ ಕರ್ನಾಟಕದ ಕಾನೂನು ಹೆತ್ತವರೂ ಸಂಬಂಧಿಕರೂ ಅರ್ಪಿಸಿದರೆ ಇತರರಿಗಿಂತ ಹೆಚ್ಚಾದ ಶಿಕ್ಷೆಯನ್ನು, ಅಂದರೆ 2 ವರ್ಷಕ್ಕೆ ಕಡಿಮೆಯಾಗದೆ 5 ವರ್ಷದ ವರೆಗೆ ಸೆರೆಯನ್ನು, ಗೊತ್ತುಮಾಡಿತು. ಆದರೂ 1993-94ರಲ್ಲಿಯೂ 2007-08ರಲ್ಲಿಯೂ ಸರಕಾರವು ಎಣಿಸಿದಾಗ ರಾಜ್ಯದಲ್ಲಿ ಒಟ್ಟು 46,660 ಮಂದಿ ದೇವದಾಸಿಯರು ಕಂಡುಬಂದರು. 2014ರ ಫೆಬ್ರವರಿಯಲ್ಲಿ ದಾವಣಗೆರೆ ಜಿಲ್ಲೆಯ ಒಂದು ಗುಡಿಯ ಉತ್ಸವದಲ್ಲಿ ಹುಡುಗಿಯರನ್ನು ಅರ್ಪಿಸದಂತೆ ತಡೆಯಬೇಕೆಂದು ಸುಪ್ರೀಂ ಕೋರ್ಟೇ ರಾಜ್ಯದ ಮುಖ್ಯ ಕಾರ್ಯದರ್ಶಿಗೆ ಹೇಳಬೇಕಾಯಿತು. ಆಗ ನಮ್ಮ ಹರಪನಹಳ್ಳಿ ತಾಲ್ಲೂಕು ಆ ಜಿಲ್ಲೆಗೇ ಸೇರಿತ್ತು. 2025ರಲ್ಲಿ ರಾಜ್ಯದ ವಿಧಾನಮಂಡಲವು ಇನ್ನೊಂದು ಕಾನೂನನ್ನು ಅಂಗೀಕರಿಸಿ, ಈ ತಾಯಂದಿರ ಮಕ್ಕಳು ತಮ್ಮ ತಂದೆ ಯಾರೆಂದು ಗೊತ್ತುಮಾಡಿಸಿಕೊಳ್ಳುವ ಹಕ್ಕನ್ನೂ ಅದರಲ್ಲಿ ಸೇರಿಸಿತು.

ಇಷ್ಟು ಕಾನೂನುಗಳಿದ್ದೂ ಕೆಡುಕು ಯಾಕೆ ಉಳಿಯಿತು? ಕಾನೂನಿಗೆ ಕಣ್ಣಿಲ್ಲ, ನೆರೆಯವನ ಕಣ್ಣೇ ಅದರ ಕಣ್ಣು. ಮುತ್ತು ಕಟ್ಟುವದು ಬಹಿರಂಗವಾಗಿ ನಿಂತ ಮೇಲೆ ಮನೆಯೊಳಗೆ, ರಾತ್ರಿಯಲ್ಲಿ, ಗುಟ್ಟಾಗಿ ನಡೆಯತೊಡಗಿತು. ಆ ಗುಟ್ಟನ್ನು ಕೇರಿಯು ಅರಿಯದೆ ಇರದು. ಆದರೆ ಅರಿತವರು ಮೂರು ನೆವಗಳನ್ನು ಹೇಳಿ ಸುಮ್ಮನಾಗುತ್ತಾರೆ.

ಒಂದನೆಯದು, ಹೆತ್ತವರು ಬಡವರು, ಏನು ಮಾಡಿಯಾರು ಎಂಬದು. ಬಡತನವು ನಿಜ, ಅದು ಕಠಿಣವೂ ಹೌದು. ಆದರೆ ಸಾಲವು ತಂದೆಯದು, ಶರೀರವು ಮಗಳದು. ಒಬ್ಬನ ಸಾಲವನ್ನು ಇನ್ನೊಬ್ಬಳ ಬಾಳಿನಿಂದ ತೀರಿಸುವದು ಯಾವ ನ್ಯಾಯ? ಎರಡನೆಯದು, ಹುಡುಗಿಯೇ ಒಪ್ಪಿದಳೆಂಬದು. ಎಳೆಯ ಹುಡುಗಿಯ ಒಪ್ಪಿಗೆಯು ಒಪ್ಪಿಗೆಯಲ್ಲ. ಪ್ರಾಯದವಳಾದರೂ ಒಂದೇ ಬಾಗಿಲಿರುವ ಕೋಣೆಯಲ್ಲಿ ನಿಲ್ಲಿಸಿ, ಅದೇ ಬಾಗಿಲಿಂದ ಹೋದಳಲ್ಲಾ ಎಂದು ಆಕೆಯನ್ನು ದೂರುವದು ಕ್ರೂರತನ. ಮೂರನೆಯದು, ಇದು ಅನ್ಯರ ಪದ್ಧತಿ, ನಮಗೆ ಸಂಬಂಧಪಟ್ಟದ್ದಲ್ಲ ಎಂಬದು. ಈ ನೆವವೇ ನಮಗೆ ಹೆಚ್ಚು ಅಪಾಯಕರ. ಯಾಕಂದರೆ ನಮ್ಮ ಸಭೆಗಳಲ್ಲಿ ಅನೇಕವು ಅದೇ ಕೇರಿಗಳಿಂದ ಎದ್ದು ಬಂದವು. ಆ ಹುಡುಗಿಯು ನಮ್ಮವರೊಬ್ಬರಿಗೆ ಸೋದರ ಸೊಸೆಯೋ ಅಕ್ಕನ ಮೊಮ್ಮಗಳೋ ಆಗಿರುವದು ಅಪರೂಪವಲ್ಲ. ಅಲ್ಲದೆ ಕೆಲಸ ಕೊಡಿಸುವೆನೆಂದೂ ವರದಕ್ಷಿಣೆಯಿಲ್ಲದೆ ಮದುವೆ ಮಾಡಿಸುವೆನೆಂದೂ ಬರುವ ದಲ್ಲಾಳಿಯು ಯಾವ ಮತದ ಮನೆಯೆಂದು ಕೇಳಿ ಬಾಗಿಲು ತಟ್ಟುವದಿಲ್ಲ.

ಇನ್ನು ಆಶ್ರಯದ ವಿಷಯ. ಮಾರಾಟದಿಂದ ತಪ್ಪಿಸಿಕೊಂಡು ಬಂದವಳಿಗೆ ಅನ್ನವನ್ನೂ ಸೂರನ್ನೂ ಕೊಟ್ಟರೆ ನಾವು ದಾನಮಾಡಿದೆವೆಂದು ತಿಳಿಯುತ್ತೇವೆ. ಆದರೆ ನಾವು ಮೊದಲು ಹೇಳಿದ ನ್ಯಾಯವು ಸತ್ಯವಾದರೆ ಇದು ದಾನವಲ್ಲ, ಕಸುಕೊಂಡದ್ದನ್ನು ತಿರಿಗಿ ಒಪ್ಪಿಸುವದು. ಆಕೆಯ ಬಾಳು ಆಕೆಯದೇ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಓಡಿಬಂದ ದಾಸನ ವಿಷಯವಾದ ವಿಧಿಯನ್ನು ಗಮನಿಸಿರಿ. ಅವನನ್ನು ದಣಿಗೆ ಒಪ್ಪಿಸಕೂಡದು ಎಂಬಷ್ಟೇ ಅಲ್ಲಿಲ್ಲ. ಅವನು ತನಗೆ ಇಷ್ಟವಾದ ಸ್ಥಳವನ್ನು ತಾನೇ ಆರಿಸಿಕೊಂಡು ವಾಸಿಸಬೇಕು, ಅವನನ್ನು ಉಪದ್ರವಪಡಿಸಕೂಡದು ಎಂಬದೂ ಅಲ್ಲಿದೆ. ಆರಿಸಿಕೊಳ್ಳುವ ಹಕ್ಕನ್ನು ಕೊಡದ ಆಶ್ರಯವು ಮೃದುವಾದ ಸೆರೆಮನೆಯೇ. ಆದದರಿಂದ ಆಶ್ರಯಕ್ಕೆ ಪ್ರತಿಫಲವಾಗಿ ಆಕೆಯಿಂದ ಕೃತಜ್ಞತೆಯನ್ನಾಗಲಿ, ಹೊಸ ಮತವನ್ನಾಗಲಿ, ಸಂಬಳವಿಲ್ಲದ ಚಾಕರಿಯನ್ನಾಗಲಿ, ಹತ್ತು ಜನರ ಮುಂದೆ ಆಕೆಯ ದುಃಖದ ಕಥೆಯನ್ನಾಗಲಿ ಕೇಳಬಾರದು.

ಮಾಡತಕ್ಕದ್ದು ಕಷ್ಟವಾದದ್ದಲ್ಲ. ಎಳೆಯ ಹುಡುಗಿಯು ಅಪಾಯದಲ್ಲಿರುವಳೆಂದು ತಿಳಿದರೆ 1098ಕ್ಕೆ, ತಡಮಾಡಲಾಗದಿದ್ದರೆ 112ಕ್ಕೆ ಫೋನು ಮಾಡಿರಿ. ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿರಿ; 2015ರ ಕಾನೂನಿನ ಪ್ರಕಾರ 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಹಾಗೆ ಮಾಡುವದು ಮಗುವಿಗೂ ರಕ್ಷೆ, ನಿಮಗೂ ರಕ್ಷೆ. ಪ್ರಾಯದ ಸ್ತ್ರೀಯರಿಗೆ 181 ಎಂಬ ಸಹಾಯವಾಣಿಯುಂಟು. ಕೆಲಸಕ್ಕೆಂದು ಪಟ್ಟಣಕ್ಕೆ ಹೋಗುವ ಹುಡುಗಿಯರ ಮನೆಯವರು ಕರೆದುಕೊಂಡು ಹೋಗುವವನ ಹೆಸರು, ಊರು, ಕೆಲಸದ ಸ್ಥಳ ಇವುಗಳನ್ನು ವಿಚಾರಿಸಿ ಬರೆದಿಟ್ಟುಕೊಳ್ಳಲಿ.

ಆದರೆ ಆಕೆ ಆಶ್ರಯಗೃಹದಿಂದ ಊರಿಗೆ ತಿರಿಗಿ ಬಂದ ದಿನವೇ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ಗೋಡೆಗಳನ್ನು ಸರಕಾರವು ಕಟ್ಟಿಸಬಲ್ಲದು. ಮರ್ಯಾದೆಯನ್ನು ಊರೇ ಕೊಡಬೇಕು. ನೀರಿನ ನಲ್ಲಿಯ ಹತ್ತಿರ ಆಕೆಯನ್ನು ಹಳೆಯ ಹೆಸರಿನಿಂದ ಕರೆಯದಿರುವದು, ಕೂಲಿಗೆ ಕರೆದು ಇತರರಿಗೆ ಕೊಟ್ಟಷ್ಟೇ ಕೊಡುವದು, ಆಕೆಯ ಮಕ್ಕಳನ್ನು ನಮ್ಮ ಮಕ್ಕಳ ಜೊತೆಯಲ್ಲಿ ಶಾಲೆಗೆ ಕಳುಹಿಸುವದು, ಆ ಮಕ್ಕಳಿಗೆ ಸಂಬಂಧ ಕೂಡಿಬಂದಾಗ ತಂದೆಯ ಹೆಸರನ್ನು ಕೆದಕದಿರುವದು, ಇವೇ ಆಶ್ರಯದ ಕಂಬಗಳು. ಇವಿಲ್ಲದಿದ್ದರೆ ದಲ್ಲಾಳಿಯು ಕಾಯುತ್ತಲೇ ಇರುವನು. ನಾವು ಮುಚ್ಚಿದ ಪ್ರತಿ ಬಾಗಿಲೂ ಅವನ ಬಾಗಿಲನ್ನು ತೆರೆಯುತ್ತದೆ.

ಹೀಗಿರಲಾಗಿ, ಮಾರಿದವನೂ ಕೊಂಡವನೂ ಮಾತ್ರ ಈ ಪಾಪದಲ್ಲಿ ಪಾಲುಗಾರರೆಂದು ನೆನಸಬಾರದು. ತಿಳಿದು ಸುಮ್ಮನಿದ್ದವನೂ ಅದರಲ್ಲಿ ಪಾಲುಗಾರನೇ. ತಿರಿಗಿ ಬಂದವಳನ್ನು ಹೊರಗೆ ನಿಲ್ಲಿಸಿದವನು ಆಕೆಯನ್ನು ಎರಡನೆಯ ಸಾರಿ ಮಾರಿದವನು.