ಬೇಡದೆ ಬಂದ ದಾನ

ಒಬ್ಬನಿಗೆ ಕೇಡು ಮಾಡುವುದೆಂದರೆ ಅವನಲ್ಲಿರುವುದನ್ನು ಕಿತ್ತುಕೊಳ್ಳುವುದು ಎಂದೇ ನಮ್ಮೆಲ್ಲರ ತಿಳಿವಳಿಕೆ. ಕಳ್ಳ, ಸುಲಿಗೆಗಾರ, ಲಂಚಕೋರ, ನೆರೆಯವನ ಗದ್ದೆಯ ಬದುವನ್ನು ರಾತ್ರೋರಾತ್ರಿ ಒತ್ತುವವನು, ಹೀಗೆ ನಮ್ಮ ಬೈಗುಳಗಳೆಲ್ಲ ತೆಗೆದುಕೊಳ್ಳುವವನ ಮೇಲೆಯೇ ಹೊರಡುತ್ತವೆ. ಕೊಡುವವನಿಗಾದರೋ ಹೊಗಳಿಕೆ. ಕೊಡುವ ಕೈಯನ್ನು ಅನುಮಾನಿಸುವುದು ಕೃತಘ್ನತೆಯೆಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಹೀಗಿರುವಲ್ಲಿ ಕೊಟ್ಟೇ ಕೊಂದ, ಉಣ್ಣಿಸಿಯೇ ಉಸಿರು ಕಟ್ಟಿಸಿದ ಪ್ರಸಂಗವೊಂದು ಎದುರಾದರೆ ಅದನ್ನು ಏನೆಂದು ಕರೆಯೋಣ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಯಾವ ಧರ್ಮಶಾಸ್ತ್ರವೂ ಅಲ್ಲ, ಇಂಗ್ಲೆಂಡಿನ ಒಂದು ಹುಲ್ಲುಗಾವಲು. ಲಂಡನ್ನಿಗೆ ಉತ್ತರದಲ್ಲಿ, ರಾಥಮ್‌ಸ್ಟೆಡ್ ಎಂಬಲ್ಲಿ, ಸುಮಾರು ಏಳು ಎಕರೆಯ ಹುಲ್ಲುನೆಲವೊಂದಿದೆ. ಪಾರ್ಕ್ ಗ್ರಾಸ್ ಎಂದು ಅದರ ಹೆಸರು. 1856ರಲ್ಲಿ ಜಾನ್ ಬೆನೆಟ್ ಲಾಸ್ ಎಂಬ ಜಮೀನುದಾರರೂ ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬ ರಸಾಯನಶಾಸ್ತ್ರಜ್ಞರೂ ಸೇರಿ ಅದನ್ನು ತಾಕುಗಳಾಗಿ ಹಂಚಿ, ಒಂದೊಂದಕ್ಕೆ ಒಂದೊಂದು ಬಗೆಯ ಗೊಬ್ಬರ ಕೊಡತೊಡಗಿದರು. ಒಣಹುಲ್ಲಿನ ಇಳುವರಿ ಹೆಚ್ಚುವುದು ಹೇಗೆಂದು ತಿಳಿಯಬೇಕಾಗಿತ್ತು, ಅಷ್ಟೆ. ಇಳುವರಿಯೇನೋ ಹೆಚ್ಚಿತು. ಆದರೆ ಎರಡು ಮೂರು ವರ್ಷಗಳೊಳಗಾಗಿ ಒಂದೇ ಗಾವಲಿನ ತಾಕುಗಳು ಬೇರೆ ಬೇರೆ ಬೀಜ ಬಿತ್ತಿದ ಹೊಲಗಳಂತೆ ಕಾಣತೊಡಗಿದವು. ಏನನ್ನೂ ಪಡೆಯದ ತಾಕಿನಲ್ಲಿ ಇಂದಿಗೂ ನಲವತ್ತರ ಆಸುಪಾಸಿನಷ್ಟು ಬಗೆಯ ಗಿಡಗಳು ಒಟ್ಟಾಗಿ ಬಾಳುತ್ತಿವೆ. ಅಮೋನಿಯಾದ ಉಪ್ಪನ್ನು ಧಾರಾಳವಾಗಿ ಉಂಡ ತಾಕಿನಲ್ಲಿ ಉಳಿದದ್ದು ಎರಡೋ ಮೂರೋ ಜಾತಿಯ ಹುಲ್ಲು. ಅಲ್ಲಿಯ ಮಣ್ಣು ಎಷ್ಟು ಹುಳಿಯಾಯಿತೆಂದರೆ ಎರೆಹುಳುಗಳು ಇಲ್ಲವಾದವು. ಎರೆಹುಳುವಿಲ್ಲದೆ ಸತ್ತ ಹುಲ್ಲು ಕೊಳೆಯಲಾರದೆ ನೆಲದ ಮೇಲೆ ಚಾಪೆಯಂತೆ ಕುಳಿತುಬಿಟ್ಟಿತು.

ಅದಾದರೂ ಕಣ್ಣೆದುರಿಗೆ, ಕೈಯಾರೆ ಸುರಿದ ಗೊಬ್ಬರ. ನನ್ನನ್ನು ಹೆಚ್ಚು ಕಾಡಿದ್ದು ಕಣ್ಣಿಗೆ ಕಾಣದ ಗೊಬ್ಬರದ ಸಂಗತಿ. ಇದೇ ಲಾಸ್ ಮತ್ತು ಗಿಲ್ಬರ್ಟ್ 1853ರಲ್ಲಿ, ಎಕರೆಯ ಸಾವಿರದ ಒಂದು ಪಾಲಿನಷ್ಟು ವಿಸ್ತಾರದ ಮಳೆಮಾಪಕವೊಂದನ್ನು ಕಟ್ಟಿಸಿದ್ದರು. ಗಿಡಗಳಿಗೆ ಬೇಕಾದ ಸಾರಜನಕವನ್ನು ಗಾಳಿಮಳೆಗಳೇ ಒದಗಿಸುತ್ತವೆಂದು ಜರ್ಮನಿಯ ಲೀಬಿಗ್ ವಾದಿಸಿದ್ದ ಕಾಲ ಅದು. ಇವರು ಮಳೆನೀರನ್ನು ಹಿಡಿದು ಪರೀಕ್ಷಿಸಿ, ಎಕರೆಗೆ ವರ್ಷಕ್ಕೆ ಕೆಲವೇ ಪೌಂಡು ಸಾರಜನಕ ಬೀಳುವುದನ್ನು ಕಂಡು, ಗೋಧಿಗೆ ಇದು ಏನೇನೂ ಸಾಲದೆಂದು ತೋರಿಸಿಕೊಟ್ಟರು. ಅಂದು ಸಾಲದೆಂದು ಅಳೆದ ಮಳೆಯೇ ಮುಂದೊಂದು ದಿನ ಹೆಚ್ಚಾಯಿತೆಂದು ಅಳೆಯಬೇಕಾದೀತೆಂಬುದು ಅವರ ಊಹೆಗೆ ಬಂದಿರಲಾರದು.

ಹೆಚ್ಚಾದದ್ದು ಹೇಗೆ? 1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ತೆಗೆದು ತೋರಿಸಿದ. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಏರಿಸಿದ. 1913ರಲ್ಲಿ ಜರ್ಮನಿಯ ಓಪೌ ಎಂಬಲ್ಲಿ ತಯಾರಿಕೆ ಆರಂಭವಾಯಿತು. ಇಂದು ಲೋಕದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಉಣ್ಣುವ ಅನ್ನ ಆ ವಿದ್ಯೆಯಿಂದ ಬಂದದ್ದು. ನಮ್ಮ ಹೊಲಗದ್ದೆಗಳ ಯೂರಿಯಾವೂ ಅದರ ಮಗುವೇ. ಆದುದರಿಂದ ಈ ಕಥೆಯಲ್ಲಿ ಖಳನಾಯಕನನ್ನು ಹುಡುಕುವವರು ಮೊದಲು ತಮ್ಮ ತಟ್ಟೆಯನ್ನು ನೋಡಿಕೊಳ್ಳುವುದು ಒಳ್ಳೆಯದು. ಹಾಕಿದ ಗೊಬ್ಬರದಲ್ಲಿ ಬೆಳೆ ಹೀರಿದ್ದು ಹೋಗಿ ಮಿಕ್ಕಿದ್ದರ ಒಂದು ಪಾಲು, ಕೊಟ್ಟಿಗೆಗಳ ಸಗಣಿ ಗಂಜಳಗಳಿಂದ ಏಳುವ ಅಮೋನಿಯಾ, ಮೋಟಾರುಗಳೂ ವಿದ್ಯುದಾಗಾರಗಳೂ ಉಗುಳುವ ಹೊಗೆ, ಎಲ್ಲವೂ ಗಾಳಿಗೆ ಸೇರಿ, ದೂರ ತೇಲಿ, ಯಾರೂ ಉಳದ, ಯಾರೂ ಗೊಬ್ಬರ ಹಾಕದ ನೆಲದ ಮೇಲೆ ಇಳಿಯುತ್ತವೆ.

ಆ ನೆಲದ ಗೃಹಕೃತ್ಯವೇ ಬೇರೆ. ಸಾರವಿಲ್ಲದ ಮಣ್ಣಿನಲ್ಲಿ ಯಾರೊಬ್ಬರೂ ಮೆರೆಯುವಂತಿಲ್ಲವಾದ್ದರಿಂದಲೇ ಅಲ್ಲಿ ಹತ್ತಾರು ಜಾತಿಗಳು ಬಾಳುತ್ತವೆ. ಬಟಾಣಿಯ ಬಳಗದ ಗಿಡಗಳು ತಮ್ಮ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ತಾವೇ ಸಂಪಾದಿಸಿಕೊಳ್ಳುತ್ತವೆ. ಬಡವರ ಓಣಿಯಲ್ಲಿ ಕಸುಬು ಬಲ್ಲವನಿಗಿರುವ ಮರ್ಯಾದೆ ಅವಕ್ಕೆ. ಆಕಾಶದಿಂದ ಪುಕ್ಕಟೆ ಸರಕು ಬೀಳತೊಡಗಿದೊಡನೆ ಕಸುಬಿಗೆ ಬೆಲೆಯಿಲ್ಲದಾಗುತ್ತದೆ. ಬೇಗ ಉಂಡು ಬೇಗ ಬೆಳೆಯಬಲ್ಲ ಒಂದೆರಡು ಎತ್ತರದ ಹುಲ್ಲುಗಳು ಮೇಲೆದ್ದು ಮಿಕ್ಕವನ್ನು ನೆರಳಿಗೆ ತಳ್ಳುತ್ತವೆ. 2009ರಲ್ಲಿ ಯಾನ್ ಒಟಿಯೆ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸೊಗಸಾಗಿ ತೋರಿಸಿತು. ಗೊಬ್ಬರ ಹಾಕಿದ ಹುಲ್ಲಿನ ಅಡಿಯಲ್ಲಿ, ಕುಳ್ಳು ಗಿಡಗಳ ಮಟ್ಟಕ್ಕೆ, ಅವರು ವಿದ್ಯುದ್ದೀಪಗಳನ್ನು ಇಟ್ಟರು. ಬೆಳಕು ಸಿಕ್ಕ ಗಿಡಗಳು ಉಳಿದುಕೊಂಡವು. ಅಂದರೆ ಅವು ಸಾಯುತ್ತಿದ್ದುದು ಊಟದ ವಿಷದಿಂದಲ್ಲ. ಪಕ್ಕದವನು ಉಂಡು ಕೊಬ್ಬಿದ್ದರಿಂದ.

ಇದಿಷ್ಟು ಮೇಲಿನ ವ್ಯವಹಾರ. ಕೆಳಗೆ ಮಣ್ಣಿನಲ್ಲಿ ನಡೆಯುವುದು ಇನ್ನೂ ನಿಧಾನ, ಇನ್ನೂ ಗಹನ. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಹುಟ್ಟುತ್ತದೆ. ನೈಟ್ರೇಟು ಮಳೆನೀರಿನೊಡನೆ ಕೆಳಕ್ಕೆ ಬಸಿದುಹೋಗುವಾಗ ಸುಣ್ಣದ ಅಂಶವನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಬಹುಕಾಲ ಏನೂ ಕಾಣುವುದಿಲ್ಲ. ಮಣ್ಣು ತನ್ನ ಗಂಟನ್ನು ಕರಗಿಸಿ ಮಾನ ಉಳಿಸಿಕೊಳ್ಳುತ್ತಿರುತ್ತದೆ. ಗಂಟು ಮುಗಿದ ದಿನ, ಅದುವರೆಗೆ ಕಲ್ಲಿನಂತೆ ಸುಮ್ಮನಿದ್ದ ಅಲ್ಯೂಮಿನಿಯಂ ಕರಗಿ ಬೇರುಗಳನ್ನು ತಾಕುತ್ತದೆ. 

ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಇಲ್ಲಿ ಯಾರ ಬಾಯಿಗಾದರೂ ಬಂದೀತು. ಆದರೆ ಗಾದೆ ಇಲ್ಲಿ ಸಲ್ಲದೆಂದೇ ನನ್ನ ಎಣಿಕೆ. 2004ರಲ್ಲಿ ಕಾರ್ಲಿ ಸ್ಟೀವನ್ಸ್ ಮತ್ತು ಸಂಗಡಿಗರು ಬ್ರಿಟನ್ನಿನ 68 ಹುಲ್ಲುಗಾವಲುಗಳನ್ನು ನೋಡಿ ಬಂದು ವರದಿ ಮಾಡಿದರು. ಗಾಳಿಯಿಂದ ಬೀಳುವ ಸಾರಜನಕ ಅಲ್ಲಿ ಹೆಕ್ಟೇರಿಗೆ ವರ್ಷಕ್ಕೆ 5ರಿಂದ 35 ಕಿಲೋಗ್ರಾಂ. ಅದು ಪ್ರತಿ ಎರಡೂವರೆ ಕಿಲೋಗ್ರಾಂ ಏರಿದಂತೆಲ್ಲ, ನಾಲ್ಕು ಚದರ ಮೀಟರಿನ ಚೌಕದಲ್ಲಿ ಒಂದೊಂದು ಜಾತಿ ಕಡಮೆಯಾಗಿತ್ತು. ಗೋಧಿಯ ಹೊಲಕ್ಕೆ ರೈತನು ಹಾಕುವುದು ಇದರ ಹಲವು ಪಟ್ಟು. ಅತಿ ಎನ್ನುವಂಥದ್ದು ಇಲ್ಲೇನಿದೆ? ಒಪ್ಪೊತ್ತಿನ ವ್ರತಸ್ಥನಿಗೆ ದಿನವೂ ಒಂದು ತುತ್ತು ಬಲವಂತವಾಗಿ ತುರುಕಿದಂತೆ. ತುತ್ತು ಸಣ್ಣದೇ. ಕೆಟ್ಟದ್ದು ವ್ರತ. ದಾನ ಮಾಡುವವನು ದೇಶ, ಕಾಲ, ಪಾತ್ರಗಳನ್ನು ನೋಡಬೇಕೆಂದು ನಮ್ಮವರು ವಿಧಿಸಿದರು. ಪಾತ್ರನಲ್ಲದವನು ದಾನವನ್ನು ಕೆಡಿಸುತ್ತಾನೆಂಬ ಅಂಜಿಕೆಯೇ ಅದರಲ್ಲಿ ಹೆಚ್ಚಾಗಿ ಕಾಣುತ್ತದೆ. ದಾನವೇ ಪಾತ್ರನನ್ನು ಕೆಡಿಸೀತೆಂಬ ಎಚ್ಚರ ಕಡಮೆ.

ಹಸಿರೇನೂ ಹೋಗಿಲ್ಲವಲ್ಲ, ಹಿಂದಿಗಿಂತ ಹೆಚ್ಚೇ ಇದೆಯಲ್ಲ, ನಲವತ್ತು ಜಾತಿ ಹುಲ್ಲಾದರೇನು ಮೂರಾದರೇನು ಎಂದು ಕೇಳುವವರುಂಟು. ಹಸಿದ ಮನುಷ್ಯನು ಹಾಗೆ ಕೇಳಿದರೆ ನಾನು ತಲೆ ಬಾಗಿಸುತ್ತೇನೆ. ಆದರೆ ಸಾಮಾನ್ಯವಾಗಿ ಕೇಳುವವರು ಹಸಿದವರಲ್ಲ. ನಷ್ಟವು ಸಮೃದ್ಧಿಯ ವೇಷದಲ್ಲಿ ಬಂದಾಗ ಅದನ್ನು ಗುರುತಿಸಲು, ಮೊದಲು ಅಲ್ಲಿ ಏನಿತ್ತೆಂದು ಬಲ್ಲವನೊಬ್ಬನಿರಬೇಕು.

ನಾನು ಕನ್ನಡ ಪಾಠ ಹೇಳುವವನು. ಮಾತು ವ್ಯಾಕರಣದ ಕಡೆಗೆ ಹೊರಳಿದರೆ ಓದುಗರು ಮನ್ನಿಸಬೇಕು. ‘ಹುಲ್ಲುಗಾವಲು ಹಾಳಾಯಿತು’ ಎನ್ನುತ್ತೇವೆ. ಈ ವಾಕ್ಯದಲ್ಲಿ ಕರ್ತೃಪದ ಯಾವುದು? ಹುಲ್ಲುಗಾವಲೇ! ತನ್ನಷ್ಟಕ್ಕೆ ತಾನೇ ಕೆಟ್ಟಿತೋ ಎಂಬಂತೆ ವಾಕ್ಯ ಮುಗಿದುಹೋಗುತ್ತದೆ. ‘ಹಾಳುಮಾಡಿದರು’ ಎನ್ನೋಣವೆಂದರೆ, ಯಾರು ಎಂಬ ಪ್ರಶ್ನೆ ಬಾಯಿ ತೆರೆದು ನಿಲ್ಲುತ್ತದೆ. ಹಸು ಕಟ್ಟಿದವನೆ, ಹಾಲು ಕುಡಿದವನೆ, ಮೋಟಾರಿನಲ್ಲಿ ಹೋದವನೆ? ಯಾರೊಬ್ಬನ ಮನಸ್ಸಿನಲ್ಲೂ ಹುಲ್ಲನ್ನು ಕೊಲ್ಲುವ ಸಂಕಲ್ಪವಿರಲಿಲ್ಲ. ಸಂಕಲ್ಪವಿಲ್ಲದ ಕರ್ಮಕ್ಕೆ ಲೇಪವಿಲ್ಲವೆಂದು ಸಮಾಧಾನ ಹೇಳಿಕೊಳ್ಳಬಹುದು. ಅದು ತಿಳಿಯದಿದ್ದ ಕಾಲಕ್ಕೆ ಸರಿ. ಮಳೆಯನ್ನು ಅಳೆದು ಲೆಕ್ಕ ಬರೆದಿಟ್ಟ ಮೇಲೂ ಸುರಿಸುತ್ತಲೇ ಇದ್ದರೆ, ಸುಮ್ಮನಿರುವುದೇ ಸಂಕಲ್ಪವಾಗುತ್ತದೆಂದು ನನಗೆ ತೋರುತ್ತದೆ.

ಈ ‘ಯಾರು’ ಎಂಬುದನ್ನು ನೆದರ್ಲೆಂಡ್ಸ್ ದೇಶ ನ್ಯಾಯಾಸನದ ಮುಂದೆ ಎದುರಿಸಬೇಕಾಯಿತು. ಅಲ್ಲಿಯ ಸರ್ಕಾರ 2015ರಲ್ಲಿ ಒಂದು ಯೋಜನೆ ಹಾಕಿತ್ತು: ಮುಂದೆ ಸಾರಜನಕ ಕಡಮೆಯಾಗುತ್ತದೆಂಬ ಭರವಸೆಯ ಮೇಲೆ ಈಗಲೇ ಹೊಸ ಕೊಟ್ಟಿಗೆ ರಸ್ತೆಗಳಿಗೆ ಅನುಮತಿ. 2019ರ ಮೇ 29ರಂದು ಅಲ್ಲಿಯ ಅತ್ಯುಚ್ಚ ಆಡಳಿತ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ನಾಳೆ ಮಾಡಬಹುದಾದ ಪುಣ್ಯದ ಮೇಲೆ ಇಂದೇ ಸಾಲ ಎತ್ತುವಂತಿಲ್ಲವೆಂದು ಆ ತೀರ್ಪಿನ ಸಾರ. ಆ ಅಕ್ಟೋಬರಿನಲ್ಲಿ ರೈತರು ಟ್ರಾಕ್ಟರುಗಳ ಸಾಲು ಹಿಡಿದು ಹೇಗ್ ನಗರಕ್ಕೆ ನುಗ್ಗಿದರು. ನಿನ್ನೆಯವರೆಗೆ ಹೆಚ್ಚು ಹಾಲು ಕರೆಯಿರಿ ಎಂದವರು ಇಂದು ನಮ್ಮನ್ನು ಅಪರಾಧಿಗಳೆನ್ನುತ್ತೀರಲ್ಲ ಎಂಬ ಅವರ ಸಿಟ್ಟಿನಲ್ಲಿ ನ್ಯಾಯವಿಲ್ಲವೆನ್ನಲು ನನಗೆ ನಾಲಗೆ ಬಾರದು. ಕರ್ತೃಪದದ ಜಾಗಕ್ಕೆ ಅವರನ್ನಷ್ಟೇ ದೂಡಿ, ಹಾಲು ಕೊಂಡವರೂ ಮಾರಿದವರೂ ವಾಕ್ಯದಿಂದ ಜಾರಿಕೊಳ್ಳುವುದು ಸುಲಭ.

ಕೊಡುವುದನ್ನು ನಿಲ್ಲಿಸಿದರೆ ಸಾಕೆ? ಅಮೆರಿಕದ ಮಿನೆಸೋಟದಲ್ಲಿ ಸೀಡರ್ ಕ್ರೀಕ್ ಎಂಬಲ್ಲಿ, ಹೆಚ್ಚು ಸಾರಜನಕ ಉಂಡ ಹುಲ್ಲುನೆಲಗಳು ಅದು ನಿಂತು ಇಪ್ಪತ್ತು ವರ್ಷ ಕಳೆದರೂ ಮೊದಲಿನಂತಾಗಲಿಲ್ಲವೆಂದು 2013ರಲ್ಲಿ ವರದಿಯಾಯಿತು. ಪಾರ್ಕ್ ಗ್ರಾಸಿನ ಸುದ್ದಿ ಇಷ್ಟು ಕಠಿಣವಲ್ಲ. ಗಾಳಿಯ ಸಾರಜನಕ ಇಳಿದಂತೆ, 1991ರಿಂದ 2012ರ ನಡುವೆ, ಜಾತಿಗಳ ಸಂಖ್ಯೆ ಏರಿತು. ಬಟಾಣಿಯ ಬಳಗವೂ ಚೇತರಿಸಿತು. 1989ರಲ್ಲಿ ಗೊಬ್ಬರ ನಿಲ್ಲಿಸಿದ ತಾಕುಗಳು ಕಳೆದುಕೊಂಡದ್ದರಲ್ಲಿ ಬಹುಪಾಲನ್ನು ಮರಳಿ ಪಡೆದವು. ಅಲ್ಲಿ ವರ್ಷಕ್ಕೆರಡು ಸಲ ಹುಲ್ಲು ಕೊಯ್ದು ಹೊರಕ್ಕೆ ಸಾಗಿಸುವ ವಾಡಿಕೆಯುಂಟು. ಕೊಟ್ಟದ್ದನ್ನು ಹೊರೆಹೊರೆಯಾಗಿ ಹಿಂದಕ್ಕೆ ಹೊತ್ತಂತೆ. 1903ರಿಂದ ಕೆಲವು ತಾಕುಗಳಿಗೆ ಕ್ರಮವಾಗಿ ಸುಣ್ಣವನ್ನೂ ಹಾಕುತ್ತ ಬಂದಿದ್ದಾರೆ. ಚೇತರಿಕೆ ಹೆಚ್ಚಾಗಿ ಕಂಡದ್ದು ಸುಣ್ಣ ಬಿದ್ದ ಆ ತಾಕುಗಳಲ್ಲೇ.